ಮಗುವಿಗೂ ಟಿಕೆಟ್ ತೆಗೆಸು

ಬಲ್ಮಠ, ಮಂಗಳೂರು

ಪ್ರೀತಿಯ ಮಗಳೇ,

ಮಂಡಿನೋವು ಇದ್ದದ್ದೇ, ಅದರ ವರದಿ ಬರೆದು ಕಾಗದ ತುಂಬಿಸುವುದಿಲ್ಲ.

ಮೊನ್ನೆ ನಿನ್ನ ಅಮ್ಮ ಫೋನು ಮಾಡಿ ಸುದ್ದಿ ಹೇಳಿದಳು. ಅಳಿಯಂದಿರಿಗೆ ಕುವೈತಿನ ಕನ್ನಡ ಸಭೆಯಿಂದ ಕರೆ ಬಂದಿದೆ, ಕಮಿಟಿಯವರು ಒಪ್ಪಿದ್ದಾರೆ, ಕಾಗದಪತ್ರ ನಡೆಯುತ್ತಿದೆ ಎಂದು. ಕೇಳಿ ಸಂತೋಷವಾಯಿತು. ನಾಲ್ಕಾರು ಮನೆಗಳ ಪ್ರಾರ್ಥನಾಕೂಟವಾಗಿ ಶುರುವಾದದ್ದು ಈಗ ಊರಿಂದ ಸಭಾಪಾಲಕರನ್ನು ಕರೆಸಿಕೊಳ್ಳುವಷ್ಟು ಬೆಳೆದಿದೆ ಎಂದರೆ ಸಣ್ಣ ಮಾತಲ್ಲ. ಭಾನುವಾರ ಅಲ್ಲಿ ಎಲ್ಲರಿಗೂ ಡ್ಯೂಟಿ, ಆರಾಧನೆ ಶುಕ್ರವಾರ. ಒಂದೇ ಕಾಂಪೌಂಡಿನಲ್ಲಿ ಮಲಯಾಳಿಗಳು, ತಮಿಳರು, ಅರಬ್ಬಿ ಮಾತಾಡುವವರು, ಫಿಲಿಪೀನ್ಸಿನವರು ಗಂಟೆ ಹಂಚಿಕೊಂಡು ಆರಾಧನೆ ಮುಗಿಸಿ ಹೋಗುತ್ತಾರಂತೆ. ನಿನ್ನ ದೊಡ್ಡಪ್ಪ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ.

ಫೋನು ಇಡುವ ಮುಂಚೆ ನಿನ್ನ ಅಮ್ಮ ಇನ್ನೊಂದು ಮಾತನ್ನೂ ಸಲೀಸಾಗಿ ಸೇರಿಸಿದಳು. ಮಗು ಸದ್ಯಕ್ಕೆ ನಮ್ಮ ಹತ್ತಿರವೇ ಇರುತ್ತದೆ ಅಕ್ಕಾ, ಇಲ್ಲೇ ಒಂದನೇ ಕ್ಲಾಸಿಗೆ ಸೇರಿಸುತ್ತೇವೆ, ಅಲ್ಲಿ ಸಭೆ ಒಂದು ಹದಕ್ಕೆ ಬಂದ ಮೇಲೆ ಕರೆಸಿಕೊಳ್ಳುತ್ತಾರೆ ಅಂತ. ಅಂದಿನಿಂದ ನನಗೆ ಸಮಾಧಾನವಿಲ್ಲ. ಇದನ್ನು ಫೋನಿನಲ್ಲಿ ಹೇಳಹೊರಟರೆ ನೀನು ‘ಆಯ್ತು ದೊಡ್ಡಮ್ಮ’ ಎಂದು ಮುಗಿಸಿಬಿಡುತ್ತೀ. ಅದಕ್ಕೇ ಕಾಗದ. ಇದನ್ನು ನಿನ್ನ ಅಮ್ಮನಿಗೆ ತೋರಿಸಬೇಡ, ಮೊಮ್ಮಗಳನ್ನು ಅವಳ ಕೈಯಿಂದ ಕಿತ್ತುಕೊಂಡೆ ಎಂದು ನನ್ನ ಮೇಲೆ ಮುನಿದಾಳು.

ನಾನು ಬೆಟಗೇರಿಗೆ ಸಭಾಪಾಲಕರ, ಅಂದರೆ ಅಯ್ಯನವರ, ಹೆಂಡತಿಯಾಗಿ ಹೋದಾಗ ನಿನಗಿಂತ ಚಿಕ್ಕವಳು. ಕರಾವಳಿಯ ಹುಡುಗಿಗೆ ಆ ನೇಕಾರರ ಊರು, ಆ ಜೋಳದ ರೊಟ್ಟಿ, ಆ ಖಡಕ್ ಮಾತು ಎಲ್ಲ ಪರದೇಶವೇ. ಯುರೋಪಿನಿಂದ ಬಂದ ಬಾಸೆಲ್ ಮಿಶನಿನವರು 1841ರಲ್ಲೇ ಅಲ್ಲಿ ನೆಲೆ ಮಾಡಿದ್ದರಾದ್ದರಿಂದ ಸಭೆಯೇನೋ ಹಳೆಯದು, ಅಯ್ಯನವರ ಮನೆಗೆ ಮಾತ್ರ ಬಾಗಿಲಿದ್ದೂ ಇಲ್ಲದ ಹಾಗೆ. ಬೆಳಿಗ್ಗೆ ಆರಕ್ಕೆ ಯಾರದೋ ಜ್ವರ, ಹತ್ತಕ್ಕೆ ಶಿಫಾರಸು ಪತ್ರ, ರಾತ್ರಿ ಊಟದ ಹೊತ್ತಿಗೆ ಗಂಡಹೆಂಡಿರ ಜಗಳ. ನಮ್ಮ ಮಗನಿಗೆ ಓದಲು ಮೇಜಿರಲಿಲ್ಲ. ಇದ್ದ ಒಂದು ಮೇಜಿನ ಮೇಲೆ ಸಭೆಯ ರಿಜಿಸ್ಟರುಗಳು, ಕಾಣಿಕೆಯ ಲೆಕ್ಕ. ಅವನು ಹಾರ್ಮೋನಿಯಮ್ಮಿನ ಮುಚ್ಚಳದ ಮೇಲೆ ನೋಟುಪುಸ್ತಕ ಇಟ್ಟು ಬರೆಯುತ್ತಿದ್ದ. ಕೊಯರಿನವರು ಅಭ್ಯಾಸಕ್ಕೆ ಬಂದರೆ ಎದ್ದು ಅಡಿಗೆಮನೆಯ ನೆಲಕ್ಕೆ ಇಳಿಯುತ್ತಿದ್ದ. ಅಪ್ಪ ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಬಂದವರಿಗೆ ‘ಪ್ರಾರ್ಥನೆಯಲ್ಲಿದ್ದಾರೆ’ ಎಂದು ಹೇಳುವುದನ್ನೂ ಅವನೇ ಕಲಿತುಕೊಂಡಿದ್ದ. ಐದನೇ ಕ್ಲಾಸಿಗೇ ಅವನನ್ನು ಹಾಸ್ಟೆಲಿಗೆ ಹಾಕಿದೆವು. ಹಾಕಬಾರದಿತ್ತು. ಈಗ ಒಳ್ಳೆಯ ಮಗ, ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ, ಫೋನಿನಲ್ಲಿ ಔಷಧಿ ವಿಚಾರಿಸುತ್ತಾನೆ. ಹರಟುವುದಿಲ್ಲ.

ನಿವೃತ್ತಿಯಾದ ಮೇಲೆ ಇಲ್ಲಿ ಬಲ್ಮಠದಲ್ಲಿ ಕೂತು ಹಳೆಯ ಮಿಶನಿನವರ ಕಥೆಗಳನ್ನು ಓದುವ ಚಟ ಹತ್ತಿತು. ಅವರ ಕೆಲಸವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು, 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದದ್ದು, 1894ರಲ್ಲಿ ಕಿಟೆಲ್ಲರ ನಿಘಂಟು ಹೊರಬಂದದ್ದು. ಅವರ ಮನೆಯ ಕಥೆಯನ್ನು ಯಾರೂ ಹೇಳಿಕೊಡಲಿಲ್ಲ. ಮದುವೆಯಾಗಬೇಕಾದರೂ ಬಾಸೆಲಿನ ಕಮಿಟಿಗೆ ಅರ್ಜಿ ಹಾಕಬೇಕು, ಬಂದ ಕೂಡಲೇ ಕೇಳುವ ಹಾಗಿಲ್ಲ, ಒಂದೆರಡು ವರ್ಷ ಕೆಲಸ ಮಾಡಿ ತೋರಿಸಬೇಕು. ಒಪ್ಪಿಗೆ ಸಿಕ್ಕರೆ ಹುಡುಗಿ ಹಡಗು ಹತ್ತಿ ಬರುತ್ತಿದ್ದಳು. ಎಷ್ಟೋ ಸಲ ಗಂಡನಾಗುವವನ ಮುಖವನ್ನು ಇಲ್ಲಿಗೆ ಬಂದೇ ನೋಡುತ್ತಿದ್ದಳು. ಹೆಬಿಕ್ ಸಾಯೇಬರು ಆ ತಂಟೆಯೇ ಬೇಡವೆಂದು ಒಂಟಿಯಾಗಿಯೇ ಉಳಿದರು. ಕಿಟೆಲ್ಲರ ಹೆಂಡತಿ ಪೌಲೀನಾ 1860ರಲ್ಲಿ ಮದುವೆಯಾಗಿ 1864ರಲ್ಲಿ ತೀರಿಕೊಂಡಳು, ಆಮೇಲೆ ಅವರು ಅವಳ ತಂಗಿ ಯೂಲಿಯನ್ನೇ ಕೈಹಿಡಿದರು. ಮೋಗ್ಲಿಂಗರು ಮದುವೆಯಾದದ್ದು ತಮ್ಮ ಜೊತೆಗಾರ ವೈಗ್ಲೆಯವರ ವಿಧವೆಯನ್ನು, ಅವಳ ಮಕ್ಕಳ ಸಮೇತ. ನಿಘಂಟನ್ನು ತಲೆಯ ಮೇಲಿಟ್ಟುಕೊಂಡು ಮೆರೆಸುವ ನಾವು ಈ ಹೆಂಗಸರ ಹೆಸರನ್ನಾದರೂ ತಿಳಿದಿರಬೇಡವೇ?

ಆದರೆ ನನ್ನ ನಿದ್ದೆ ಕೆಡಿಸಿದ್ದು ಮಕ್ಕಳ ವಿಷಯ. ಮಗುವಿಗೆ ಆರೇಳು ವರ್ಷವಾಯಿತೆಂದರೆ ಯುರೋಪಿಗೆ ಕಳಿಸಿಬಿಡುವುದು ಮಿಶನಿನಲ್ಲಿ ರೂಢಿಯಾಯಿತು. 1853ರಲ್ಲಿ, ಯೋಸೆನ್‌ಹಾನ್ಸ್ ಎಂಬವರು ಬಾಸೆಲಿನಲ್ಲಿ ಮೇಲಧಿಕಾರಿಯಾಗಿದ್ದಾಗ, ಮಿಶನರಿಗಳ ಮಕ್ಕಳಿಗಾಗಿ ಅಲ್ಲಿ ಒಂದು ಮನೆಯನ್ನೇ ತೆರೆದರು. ಅವರಿಗೆ ಕಾರಣಗಳಿದ್ದವು, ಸುಮ್ಮನೆ ದೂರುವುದು ಸರಿಯಲ್ಲ. ಇಲ್ಲಿ ಜ್ವರ, ವಾಂತಿಭೇದಿಗೆ ಹಸುಳೆಗಳು ಸಾಯುತ್ತಿದ್ದವು, ಅವರಿಗೆ ಬೇಕಾದ ಶಾಲೆ ಇರಲಿಲ್ಲ. ಇನ್ನೊಂದು ಕಾರಣ ನನಗೆ ಅಷ್ಟು ಹಿಡಿಸುವುದಿಲ್ಲ. ಆಯಾಗಳ ಸೊಂಟದ ಮೇಲೆ ಬೆಳೆದ ಮಕ್ಕಳಿಗೆ ಜರ್ಮನ್ ಭಾಷೆಗಿಂತ ಮೊದಲು ಇಲ್ಲಿನ ಮಾತೇ ಬಂದುಬಿಡುತ್ತಿತ್ತು, ಇಲ್ಲಿನ ರೀತಿನೀತಿ ಅಂಟಿಕೊಂಡೀತೆಂಬ ಹೆದರಿಕೆ ಅವರಿಗೆ. ನಮ್ಮ ಜನರ ಆತ್ಮಕ್ಕಾಗಿ ಸಮುದ್ರ ದಾಟಿ ಬಂದವರಿಗೆ ನಮ್ಮ ಮಡಿಲು ಮಾತ್ರ ಅಪಾಯವಾಗಿ ಕಂಡಿತು!

ಅದೇ ಮಿಶನಿನ ಗುಂಡರ್ಟರ ಮಗಳು ಮರೀಯ ಕಥೆ ಕೇಳು. ಮಲಯಾಳಕ್ಕೆ 1872ರಲ್ಲಿ ನಿಘಂಟು ಕೊಟ್ಟ ಗುಂಡರ್ಟರು ತಲಶ್ಶೇರಿಯಲ್ಲಿದ್ದಾಗ, 1842ರಲ್ಲಿ ಹುಟ್ಟಿದವಳು. ಅವಳ ತಾಯಿ ಯೂಲಿ ಊರ ಹೆಣ್ಣುಮಕ್ಕಳನ್ನು ಸೇರಿಸಿ ಶಾಲೆ ನಡೆಸಿದ ಗಟ್ಟಿಗಿತ್ತಿ. ಮರೀಗೆ ನಾಲ್ಕೈದು ವರ್ಷವಿದ್ದಾಗ ತಂದೆತಾಯಿ ಅವಳನ್ನೂ ಅಣ್ಣಂದಿರನ್ನೂ ಯುರೋಪಿನಲ್ಲಿ ಬಿಟ್ಟು ಕೆಲಸಕ್ಕೆ ಮರಳಿದರು. ಅವಳು ಮತ್ತೆ ತಾಯಿಯ ಮುಖ ನೋಡಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ತಾಯಿ ಅಲ್ಲಿಯವರೆಗೆ ಬೇರೆಯವರ ಮಕ್ಕಳಿಗೆ ಹೊಲಿಗೆ, ಓದು ಹೇಳಿಕೊಡುತ್ತಿದ್ದಳು. ನಾನು ಈ ಪುಟವನ್ನು ಓದಿ ಕನ್ನಡಕ ತೆಗೆದಿಟ್ಟೆ.

ಇಲ್ಲಿಗೇ ಮುಗಿಯಲಿಲ್ಲ. ಮರೀ ಮುಂದೆ ತಾನೇ ಮಿಶನರಿಯ ಹೆಂಡತಿಯಾದಳು. ಮೊದಲ ಗಂಡ ತೀರಿಕೊಂಡ ಮೇಲೆ ಭಾರತದಲ್ಲಿ ಸೇವೆ ಮಾಡಿ ಮರಳಿದ್ದ ಯೋಹಾನ್ನೆಸ್ ಹೆಸ್ಸೆಯವರನ್ನು ಮದುವೆಯಾದಳು. 1877ರಲ್ಲಿ ಹುಟ್ಟಿದ ಅವರ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಆ ಹುಡುಗ ಮಹಾ ಹಟಮಾರಿ. 1884ರಲ್ಲಿ ಮನೆಯವರು ಬಾಸೆಲಿನಲ್ಲೇ ಇದ್ದರೂ ಅವನನ್ನು ಮಿಶನಿನ ಹುಡುಗರ ಮನೆಯಲ್ಲಿ ಬಿಟ್ಟರು. ಮನೆಗೆ ಬರುವುದು ಭಾನುವಾರ ಮಾತ್ರ. ನಡುವೆ ಸಮುದ್ರವಿಲ್ಲ, ಜ್ವರವಿಲ್ಲ, ಒಂದೇ ಊರು. ಚಿಕ್ಕಂದಿನಲ್ಲಿ ತಾಯಿಯಿಂದ ದೂರವಾದವಳೇ ತನ್ನ ಮಗನ ವಿಷಯದಲ್ಲಿ ಹಾಗೆ ಮಾಡಿದಳು. ಕೆಟ್ಟ ತಾಯಿಯಾಗಿ ಅಲ್ಲ, ಅವಳ ಪ್ರಾರ್ಥನೆ, ಭಕ್ತಿ ಎಲ್ಲ ನಿಜವೇ. ಆ ಮನೆತನದಲ್ಲಿ ಮಕ್ಕಳನ್ನು ಬಿಡುವುದು ದೊಡ್ಡ ಮಾತಾಗಿ ಉಳಿದಿರಲಿಲ್ಲ, ಅಷ್ಟೆ.

ನೀನು ಹೋಗುವ ಊರಿನಲ್ಲೂ ಇಂಥ ಕಥೆಗಳಿವೆ. 1912ರಲ್ಲಿ ಎಲಿನರ್ ಕ್ಯಾಲ್ವರ್ಲಿ ಎಂಬ ಅಮೆರಿಕನ್ ಮಿಶನಿನ ಡಾಕ್ಟರಮ್ಮ ಗಂಡನ ಜೊತೆ ಕುವೈತಿಗೆ ಬಂದಳು. ಆ ಊರಿನ ಹೆಂಗಸರು ಕಂಡ ಮೊದಲ ಲೇಡಿ ಡಾಕ್ಟರು ಅವಳೇ. ಮೂವರು ಹೆಣ್ಣುಮಕ್ಕಳ ತಾಯಿ. ಎಣ್ಣೆ ಸಿಗುವ ಮೊದಲಿನ ಆ ಮಣ್ಣುಗೋಡೆಯ ಊರಲ್ಲಿ ಆಸ್ಪತ್ರೆ, ಮಕ್ಕಳು, ಗಂಡನ ಸಭೆ ಎಲ್ಲವನ್ನೂ ಹೇಗೆ ಸಂಭಾಳಿಸಿದಳೋ. ಕೊಲ್ಲಿಯ ಅಮೆರಿಕನ್ ಮಿಶನಿನವರು ತಮ್ಮ ಮಕ್ಕಳನ್ನು ಓದಿಸಲು ಎಲ್ಲಿಗೆ ಕಳಿಸುತ್ತಿದ್ದರು ಗೊತ್ತೇ? ನಮ್ಮ ಕೊಡೈಕೆನಾಲಿಗೆ. ಅವರ ಆಸ್ಪತ್ರೆ 1967ರಲ್ಲಿ ಮುಚ್ಚಿತು, ಕಟ್ಟಡ ಸಮುದ್ರದ ದಂಡೆಯಲ್ಲಿ ಅಮ್ರಿಕಾನಿ ಎಂಬ ಹೆಸರಲ್ಲಿ ಇನ್ನೂ ಇದೆಯಂತೆ. ಪುರುಸೊತ್ತಾದಾಗ ಮಗುವನ್ನು ಕರೆದುಕೊಂಡು ಹೋಗಿ ನೋಡಿ ಬಾ.

ಮಗುವನ್ನು ಕರೆದುಕೊಂಡು ಎಂದು ಬರೆದೆ. ಹೇಳಬೇಕಾದದ್ದೂ ಅದೇ. ಅವಳನ್ನು ಇಲ್ಲಿ ಬಿಡಬೇಡ.

ನಿನ್ನ ಲೆಕ್ಕ ನನಗೆ ಗೊತ್ತಿಲ್ಲವೆಂದಲ್ಲ. ಅಬ್ಬಾಸಿಯಾದಲ್ಲೋ ಸಾಲ್ಮಿಯಾದಲ್ಲೋ ಸಣ್ಣ ಫ್ಲಾಟು, ಬೇಸಿಗೆಯಲ್ಲಿ ಐವತ್ತರ ಹತ್ತಿರ ಹೋಗುವ ಬಿಸಿಲು, ಇಂಡಿಯನ್ ಸ್ಕೂಲಿನ ಫೀಸು. ಅದಕ್ಕಿಂತ ದೊಡ್ಡ ಸಂಕೋಚ ನಿನ್ನ ಮನಸ್ಸಿನಲ್ಲಿರಬಹುದು. ಅಲ್ಲಿನ ಸಭೆಯ ಎಷ್ಟೋ ಜನ, ಡ್ರೈವರುಗಳು, ಮನೆಗೆಲಸದ ಹೆಂಗಸರು, ಕೆಳಸಂಬಳದ ನರ್ಸುಗಳು, ತಮ್ಮ ಮಕ್ಕಳನ್ನು ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಅಜ್ಜಿಯ ಹತ್ತಿರ ಬಿಟ್ಟು ಬಂದವರು. ಸಂಬಳ ಇಷ್ಟಿಲ್ಲದಿದ್ದರೆ ಕುಟುಂಬಕ್ಕೆ ವೀಸಾ ಇಲ್ಲ. ಅವರ ಕಣ್ಣೆದುರು ಪಾಸ್ಟರಮ್ಮ ಮಗಳ ಕೈಹಿಡಿದು ಆರಾಧನೆಗೆ ಹೋಗುವುದು ಹೇಗೆ ಎಂದು ನಿನಗೆ ಅನ್ನಿಸಿದರೆ ಅದು ನಿನ್ನ ಒಳ್ಳೆಯತನ. ಆದರೆ ಅವರು ಬಿಟ್ಟು ಬಂದದ್ದು ಗತಿಯಿಲ್ಲದೆ. ನಿನಗೆ ಗತಿ ಇದೆ. ಅವರ ನೋವಿಗೆ ನೀನೂ ಒಂದು ನೋವು ಸೇರಿಸಿದರೆ ಯಾರ ಭಾರವೂ ಇಳಿಯುವುದಿಲ್ಲ. ನಿನ್ನ ಮಗಳನ್ನು ಎತ್ತಿಕೊಂಡು ಒಬ್ಬ ನರ್ಸು ಐದು ನಿಮಿಷ ತನ್ನ ಮಗುವಿನ ಹೆಸರು ಹೇಳಿ ಅತ್ತರೆ ಅಳಲಿ, ಅದಕ್ಕೂ ಸಭೆಯಲ್ಲಿ ಜಾಗವಿರಬೇಕು.

‘ಸಭೆ ಹದಕ್ಕೆ ಬಂದ ಮೇಲೆ’ ಎನ್ನುವ ಮಾತನ್ನು ನಂಬಬೇಡ. ಎಳೆಯ ಸಭೆ ಹದಕ್ಕೆ ಬರುವುದೇ ಇಲ್ಲ. ಮೊದಲು ಜಾಗವಿಲ್ಲ, ಜಾಗ ಸಿಕ್ಕರೆ ಕೊಯರಿಲ್ಲ, ಕೊಯರಾದರೆ ಹಿರಿಯರ ಚುನಾವಣೆಯ ಜಗಳ, ಅದು ಮುಗಿದರೆ ಅರ್ಧ ಸಭೆ ಕೆಲಸ ಬಿಟ್ಟು ಊರಿಗೋ ಕೆನಡಾಕ್ಕೋ ಹೊರಟಿರುತ್ತದೆ. ಅಷ್ಟರಲ್ಲಿ ಮಗುವಿಗೆ ಹತ್ತು ತುಂಬಿರುತ್ತದೆ, ನಿನ್ನನ್ನು ಫೋನಿನ ಪರದೆಯಲ್ಲಿ ನೋಡಿ ‘ಊಟ ಆಯ್ತಾ ಮಮ್ಮಿ’ ಎಂದು ಅತಿಥಿಯನ್ನು ಕೇಳಿದ ಹಾಗೆ ಕೇಳುತ್ತಿರುತ್ತದೆ.

ಕರೆ ಬಂದದ್ದು ನಿಮ್ಮಿಬ್ಬರಿಗೆ, ಅವಳಿಗಲ್ಲ. ಆರು ವರ್ಷದವಳನ್ನು ಯಾರೂ ಕೇಳಲಿಲ್ಲ, ಕೇಳಿದರೆ ಏನು ಹೇಳುತ್ತಾಳೆಂದು ನಮಗೆಲ್ಲ ಗೊತ್ತು. ಹಳೆಯ ಮಿಶನರಿಗಳು ಕಮಿಟಿಗೆ ಇಲ್ಲ ಎನ್ನುವಂತಿರಲಿಲ್ಲ. ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ನೀವು ನಾಳೆಯೇ ಇಮೇಲು ಮಾಡಬಹುದು. ಅಳಿಯಂದಿರು ಸಂಕೋಚದ ಸ್ವಭಾವದವರು, ದೇವರ ಸೇವೆಗೆ ಹೊರಟು ಫೀಸಿನ ಮಾತೆತ್ತುವುದೇ ಎಂದು ತಡೆದಾರು. ನೀನು ಕೂತು ಬರೆಸು. ಮಗುವಿನ ವೀಸಾ, ಶಾಲೆಯ ಖರ್ಚು, ವರ್ಷಕ್ಕೊಮ್ಮೆ ಮೂವರಿಗೂ ಊರಿನ ಟಿಕೆಟು, ಇಷ್ಟನ್ನೂ ಸಂಬಳದ ಮಾತಿಗಿಂತ ಮೊದಲೇ ಬರೆಯಿರಿ. ಒಪ್ಪದಿದ್ದರೆ ಆರು ತಿಂಗಳು ತಡವಾಗಿ ಹೋಗಿ. ಇಷ್ಟು ದಿನ ತಾವೇ ಪ್ರಾರ್ಥನೆ ನಡೆಸಿದವರು ಇನ್ನಾರು ತಿಂಗಳು ನಡೆಸಿಯಾರು.

ಫೀಸಿಗೆ ಕಡಿಮೆ ಬಿದ್ದರೆ ನನ್ನ ಪೆನ್ಶನ್ನಿನಲ್ಲಿ ಸ್ವಲ್ಪ ಉಳಿಯುತ್ತದೆ, ಅದನ್ನು ನಿನ್ನ ಹೆಸರಿಗೆ ಕಳಿಸುತ್ತೇನೆ. ಬೇಡ ಎನ್ನಬೇಡ, ಅಳಿಯಂದಿರಿಗೆ ಹೇಳಲೂ ಬೇಡ. ಕಮಿಟಿಯಿಂದ ಏನು ಉತ್ತರ ಬಂತೆಂದು ತಪ್ಪದೆ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ