ವಿಮಾನದ ವಯಸ್ಸು ಅಳೆಯುವುದು ಹೇಗೆ? – ನಾನು ತಿದ್ದಿಕೊಂಡ ಒಂದು ಉತ್ತರ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಘಟಕ ಬೋಧಿಸುತ್ತಿದ್ದೆ. ವಾಯುಮಂಡಲದ ಒತ್ತಡಕ್ಕೆ ಉದಾಹರಣೆಯಾಗಿ ವಿಮಾನದ ಮಾತು ಬಂತು. “ಮಿಸ್, ವಿಮಾನ ಎಷ್ಟು ಸವೆದಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. “ಬೈಕಿಗೆ ಕಿಲೋಮೀಟರ್ ಇದ್ದಂತೆ ವಿಮಾನಕ್ಕೆ ಹಾರಾಟದ ಗಂಟೆ” ಎಂದೆ. ಅವಳು ಬಿಡಲಿಲ್ಲ. “ಒಂದೇ ಸಲ ಹತ್ತು ಗಂಟೆ ಹಾರಿದರೂ, ಒಂದೊಂದು ಗಂಟೆಯಂತೆ ಹತ್ತು ಸಲ ಹಾರಿದರೂ ಸವೆತ ಒಂದೇನಾ?” ನಾನು “ಹೌದು” ಎಂದು ಪಾಠ ಮುಂದುವರಿಸಿದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: “ಆ ಉತ್ತರ ಪರಿಶೀಲಿಸಿ.”

ಪರಿಶೀಲಿಸಿದಾಗ ನನ್ನ ಉತ್ತರ ತಪ್ಪಾಗಿತ್ತು. ವಿಮಾನದ ದಾಖಲೆಯಲ್ಲಿ ಮೂರು ಲೆಕ್ಕಗಳಿರುತ್ತವೆ: ಹಾರಾಟದ ಗಂಟೆಗಳು, ಹಾರಾಟದ ಆವರ್ತಗಳು, ತಯಾರಾಗಿ ಕಳೆದ ವರ್ಷಗಳು. ಒಮ್ಮೆ ಮೇಲೇರಿ ಇಳಿದರೆ ಒಂದು ಆವರ್ತ. ವಿಮಾನದ ಒಡಲಿಗೆ ಹೆಚ್ಚು ದಣಿವು ತರುವುದು ಈ ಆವರ್ತಗಳೇ.

ಮರುದಿನ “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ಪಾಠ ಆರಂಭಿಸಿದೆ. ಪ್ರತಿ ಗುಂಪಿಗೂ ಎರಡು ಪೇಪರ್ ಕ್ಲಿಪ್ ಕೊಟ್ಟೆ. ಒಂದನ್ನು ಬಗ್ಗಿಸಿ ಹಾಗೇ ಹಿಡಿದಿರಬೇಕು. ಇನ್ನೊಂದನ್ನು ಬಗ್ಗಿಸಿ ನೇರಮಾಡುತ್ತಾ ಎಣಿಸಬೇಕು. ಹಿಡಿದಿಟ್ಟ ಕ್ಲಿಪ್ ಅವಧಿ ಮುಗಿದರೂ ಮುರಿಯಲಿಲ್ಲ. ಎಣಿಸಿದ ಕ್ಲಿಪ್‌ಗಳೆಲ್ಲ ಮುರಿದವು, ಆದರೆ ಒಂದೊಂದು ಗುಂಪಿನಲ್ಲಿ ಒಂದೊಂದು ಎಣಿಕೆಗೆ. ಮುರಿಯುವ ಎಣಿಕೆಗೆ ಬಹಳ ಮೊದಲೇ ಮಿತಿ ಹಾಕಿ, ನಡುನಡುವೆ ಬಿರುಕು ಹುಡುಕಬೇಕಾದ ಕಾರಣ ಇದರಿಂದ ಮಕ್ಕಳಿಗೇ ಹೊಳೆಯಿತು.

ನಂತರ ಕಪ್ಪುಹಲಗೆಯ ಮೇಲೆ ಲೆಕ್ಕ. ಸುಮಾರು 11 ಕಿ.ಮೀ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 23 ಕಿಲೋಪಾಸ್ಕಲ್. ಪ್ರಯಾಣಿಕರಿಗಾಗಿ ಒಳಗೆ ಕಾಯ್ದುಕೊಳ್ಳುವುದು ಸುಮಾರು 75. ವ್ಯತ್ಯಾಸ 50ರಷ್ಟು. ಅಂದರೆ ಪ್ರತಿ ಚದರ ಮೀಟರ್‌ಗೆ ಸುಮಾರು ಐದು ಟನ್ ಭಾರದಷ್ಟು ಬಲ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಏರಿದಾಗ ಒಡಲು ಉಬ್ಬುತ್ತದೆ, ಇಳಿದಾಗ ಸಡಿಲವಾಗುತ್ತದೆ.

ಕೊನೆಗೆ ಒಂದು ನಿಜ ಘಟನೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ಮೃತಪಟ್ಟರು. ಪೈಲಟ್‌ಗಳು ವಿಮಾನವನ್ನು ಇಳಿಸಿ ಉಳಿದವರನ್ನು ಬದುಕಿಸಿದರು. ಅದರ ಲೆಕ್ಕ 35,496 ಗಂಟೆ, 89,680 ಆವರ್ತ. ಮಕ್ಕಳು ಭಾಗಿಸಿದರು: ಸರಾಸರಿ ಒಂದು ಹಾರಾಟಕ್ಕೆ 24 ನಿಮಿಷ! ಹತ್ತು ಗಂಟೆಯ ಹಾರಾಟಗಳಾಗಿದ್ದರೆ ಅಷ್ಟೇ ಗಂಟೆಗಳಿಗೆ ಸುಮಾರು 3,550 ಆವರ್ತ ಸಾಕಿತ್ತು. 19 ವರ್ಷ ಹಳೆಯ ಆ ವಿಮಾನಕ್ಕೆ ಸಮುದ್ರದ ಉಪ್ಪುಗಾಳಿಯ ತುಕ್ಕೂ ಸೇರಿತ್ತು. ಮೂರೂ ಲೆಕ್ಕ ಏಕೆ ಬೇಕೆಂದು ಬೇರೆ ವಿವರಿಸಬೇಕಾಗಲಿಲ್ಲ.

ಆ ದಿನ ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಬಳಿ ಬಿರುಕು ಕಂಡಿದ್ದರೂ ಯಾರಿಗೂ ಹೇಳಿರಲಿಲ್ಲವೆಂದು ತನಿಖೆಯಲ್ಲಿ ತಿಳಿಯಿತು. ಇದನ್ನು ಹೇಳಿ, ನಿನ್ನೆ ಎರಡನೇ ಸಲ ಪ್ರಶ್ನೆ ಕೇಳಿದವಳಿಗೆ ತರಗತಿಯಿಂದ ಚಪ್ಪಾಳೆ ಕೊಡಿಸಿದೆ. ನನ್ನ ಪಾಠಯೋಜನೆಯಲ್ಲಿ ಈಗ ‘ಉತ್ತರ ಗೊತ್ತಿಲ್ಲದ ಪ್ರಶ್ನೆಗಳು’ ಎಂಬ ಒಂದು ಅಂಕಣ ಸೇರಿದೆ. ಮರುದಿನದ ಮೊದಲ ಐದು ನಿಮಿಷ ಅದಕ್ಕೆ ಮೀಸಲು.