ಬೋರ್ಡಿನ ಹೆಸರು ರಿಜಿಸ್ಟರಿನಲ್ಲಿ ಇದೆಯೇ?

ಶಹಾಪುರದ ತಂಗಿಗೆ,

ಮಗಳು ಸೈಕಾಲಜಿಸ್ಟರನ್ನು ನಂಬಿ ಹೇಳಿಕೊಂಡ ಮಾತು ಸುರಪುರದ ಬೀಗರ ಮನೆ ಮುಟ್ಟಿತು ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು. ತಪ್ಪು ನಿಮ್ಮದಲ್ಲ, ಮಗಳದ್ದಂತೂ ಅಲ್ಲವೇ ಅಲ್ಲ. ಗುಟ್ಟು ಕಾಯುವುದು ಆ ಸೈಕಾಲಜಿಸ್ಟರ ದೊಡ್ಡಸ್ತಿಕೆಯೇನಲ್ಲ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಂತೆ ಅದು ನಿಮ್ಮ ಮಗಳ ಹಕ್ಕು.

ಮೊದಲು ಅವರ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ಮಾಡುವವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ರಿಜಿಸ್ಟರಿನಲ್ಲಿ ಇರಲೇಬೇಕು. ಬರೀ ಎಂ.ಎ. ಸಾಲದು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಪರಿಷತ್ತಿನ 1992ರ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಷ್ಟು ಸಣ್ಣ ದಂಡಕ್ಕೆ ಯಾರು ಹೆದರುತ್ತಾರೆ ಎಂದು ನನಗೆ ಸಿಟ್ಟು ಬರುತ್ತದೆ. ‘ಕೌನ್ಸೆಲರ್’ ಎಂಬ ಬೋರ್ಡಿಗೆ ಅಷ್ಟು ಬಿಗಿಯೂ ಇಲ್ಲ.

ಹೆಸರು ರಿಜಿಸ್ಟರಿನಲ್ಲಿದ್ದರೆ ದಿನಾಂಕ, ರಸೀದಿ ಸಮೇತ ಪರಿಷತ್ತಿಗೆ ಲಿಖಿತ ದೂರು ಕೊಡಿ. ವೃತ್ತಿ ನಡತೆ ಮೀರಿದ್ದು ರುಜುವಾತಾದರೆ, ಅವರ ಅಹವಾಲು ಕೇಳಿ, ಹೆಸರನ್ನೇ ತೆಗೆದುಹಾಕುವ ಅಧಿಕಾರ ಪರಿಷತ್ತಿಗಿದೆ.

ದೂರಿನ ಓಡಾಟದಲ್ಲಿ ಮಗಳ ಆರೈಕೆ ನಿಲ್ಲಬಾರದು. ಯಾದಗಿರಿಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಇವತ್ತು ರಾತ್ರಿಯೇ ಮಾತಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫೋನು ಅವಳ ಕೈಗೇ ಕೊಟ್ಟು, ನೀವು ಹೊರಗಿನ ಕಟ್ಟೆಗೆ ಹೋಗಿ ಕೂತಿರಿ.