ಅಳತೆ ಟೇಪಿನ ಜೊತೆಗೊಂದು ಪತ್ರ

ಹಾನಗಲ್ಲ,
ಸೆಪ್ಟೆಂಬರ್, ಭಾನುವಾರ

ಚಿ. ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು, ಚಿತ್ರವೂ ಮುಟ್ಟಿತು. ಮೊದಲು ಚಿತ್ರದ ಮಾತು. ಶಿಗ್ಗಾವಿಯ ನಿಮ್ಮ ಅಡುಗೆಮನೆಯನ್ನು ಹೊಸದಾಗಿ ಹೇಗೆ ಮಾಡಬಹುದು ಅಂತ ಬರೆದಿದ್ದೀಯಲ್ಲ, ಕಿಟಕಿಯ ಬೆಳಕು ತಾಮ್ರದ ಹಂಡೆಯ ಮೇಲೆ ಬಿದ್ದದ್ದನ್ನು ಬಹಳ ಚೆಂದ ಹಿಡಿದಿದ್ದೀ. ಮೂವತ್ತನಾಲ್ಕು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದ ನನಗೆ ಅದನ್ನು ಎರಡು ದಿನ ಮೇಜಿನ ಮೇಲಿಂದ ತೆಗೆಯಲು ಮನಸ್ಸಾಗಲಿಲ್ಲ. ಆದರೆ ಕೂಸೇ, ನಿಮ್ಮಪ್ಪನ ಅವ್ವ, ನಮ್ಮ ಬೀಗತಿ, ಅದರಲ್ಲಿ ಎಲ್ಲಿ ಕುಳಿತು ರೊಟ್ಟಿ ಬಡಿಯಬೇಕು?

ಪೇಟೆಯ ಮಾಡ್ಯುಲರ್ ಕಿಚನ್ ನೋಡಿ ಗೋಡೆಯುದ್ದಕ್ಕೂ ಕಟ್ಟೆ ಎಳೆದಿದ್ದೀ. ಅಂಥ ಕಟ್ಟೆ ಮೂವತ್ತೆರಡು, ಮೂವತ್ತಮೂರು ಇಂಚು ಎತ್ತರ ಇರುತ್ತದೆ; ನಿಂತು ಅಡುಗೆ ಮಾಡುವ ನಿಮ್ಮವ್ವನಿಗೆ ಅದು ಸರಿ. ಅಜ್ಜಿ ನೆಲಕ್ಕೆ ಕುಳಿತವರು. ಕುಳಿತಾಗ ಅವರ ಕಣ್ಣು ನೆಲದಿಂದ ಎರಡೂಕಾಲು ಅಡಿಯ ಮೇಲೆ ಇರಲಿಕ್ಕಿಲ್ಲ. ಅವರಿಗೆ ಬೇಕಾದ ಕಿಟಕಿ ಅಷ್ಟು ತಗ್ಗಿನಲ್ಲಿರಬೇಕು, ಹಂಚಿನ ಹೊಗೆ ಅವರ ಮುಖಕ್ಕೆ ಬಡಿಯದೆ ಮೇಲಿನ ಬೆಳಕಿಂಡಿಗೆ ಏರಬೇಕು, ಹಿಟ್ಟಿನ ಡಬ್ಬಿ ಏಳದೆಯೇ ಕೈಗೆ ಸಿಗಬೇಕು. ಹಳೆಯ ಅಡುಗೆಮನೆಯಲ್ಲಿ ಇದೆಲ್ಲ ಇದೆ. ನೀನು ಅದನ್ನು ದಿನಾ ನೋಡುತ್ತೀ, ಅಳೆದಿಲ್ಲ ಅಷ್ಟೇ.

ಒಳಾಂಗಣ ವಿನ್ಯಾಸವೋ ಅಪ್ಲೈಡ್ ಆರ್ಟೋ ಅಂತ ಕೇಳಿದ್ದೀ. ಎರಡಕ್ಕೂ ಚಿತ್ರ ಬರೆಯುವ ಕೈ ಬೇಕು, ಹಾಗಾಗಿ ಎರಡೂ ಒಂದೇ ಅನ್ನಿಸುತ್ತದೆ. ಕೆಲಸ ಬೇರೆ. ಮೊದಲನೆಯದರಲ್ಲಿ ನಿನ್ನ ಹೆಚ್ಚಿನ ಹೊತ್ತು ಅಳತೆ, ನಕ್ಷೆ, ಬಡಿಗೇರು, ಗೌಂಡಿ, ವೈರಿಂಗಿನವರು, ಖರ್ಚಿನ ಲೆಕ್ಕ ಇವುಗಳ ನಡುವೆ ಹೋಗುತ್ತದೆ. ಬಣ್ಣದ ಮಾತು ಬರುವುದು ಕೊನೆಗೆ. ಎರಡನೆಯದರಲ್ಲಿ ಕಾಗದ ಮತ್ತು ಪರದೆ: ಅಕ್ಷರ, ಜಾಹೀರಾತು, ಪುಸ್ತಕದ ಮುಖಪುಟ, ಪೊಟ್ಟಣ.

ಈ ಎರಡನೆಯದನ್ನು ಹಗುರವಾಗಿ ತಿಳಿಯಬೇಡ. ಬಸ್ಸಿನ ಬೋರ್ಡಿನಲ್ಲಿ ನಮ್ಮ ನಾಲ್ಕು ಊರುಗಳ ಹೆಸರು ಬರೆಯಬೇಕು ಅಂತಿಟ್ಟುಕೋ. ‘ಸವಣೂರು’ ಸರಾಗ ಕೂರುತ್ತದೆ. ‘ಹಾನಗಲ್ಲ’ದ ಲ-ಒತ್ತು, ‘ಶಿಗ್ಗಾವಿ’ಯ ಗ-ಒತ್ತು ಸಾಲಿನ ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿಗೆ ಜಾಗ ಬಿಡದಿದ್ದರೆ ಅದರ ತಲೆಕಟ್ಟಿಗೆ ತಗಲುತ್ತವೆ. ‘ಹಿರೇಕೆರೂರು’ ಐದೇ ಅಕ್ಷರ, ಆದರೆ ದೀರ್ಘಗಳು ಪಕ್ಕಕ್ಕೆ ಚಾಚಿ ಬೋರ್ಡನ್ನೇ ನುಂಗುತ್ತವೆ. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಪೇಂಟರುಗಳಿಗೆ ಇದು ಕೈಯಲ್ಲೇ ಗೊತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಒತ್ತಕ್ಷರಗಳನ್ನು ಹಿಸುಕಿ ಕೂರಿಸುತ್ತಾರೆ. ನೋಡಿದಾಗೆಲ್ಲ ನನಗೆ ಸಂಕಟ. ಇಂಗ್ಲಿಷ್ ಅಕ್ಷರ ಕಲಿಸುವ ಕಡೆಗಳು ಬೇಕಾದಷ್ಟಿವೆ, ಕನ್ನಡ ಅಕ್ಷರವನ್ನು ಚೆನ್ನಾಗಿ ಕೂರಿಸಬಲ್ಲ ಹುಡುಗಿಯರು ನಮಗೆ ಬೇಕು. ಸವಣೂರು ಖಾರದ ಪೊಟ್ಟಣಕ್ಕೆ ಒಂದು ಹೊಸ ಮುಖ ಬರೆದು ನೋಡು, ಅಪ್ಲೈಡ್ ಆರ್ಟ್ ಅಂದರೇನು ಅಂತ ಒಂದು ವಾರದಲ್ಲಿ ತಿಳಿಯುತ್ತದೆ.

ಇನ್ನು ಓದಿನ ದಾರಿ. ಪಿಯುಸಿಯಲ್ಲಿ ನೀನು ಕಲಾ ವಿಭಾಗ, ಗಣಿತ ಇಲ್ಲ. ಹಾಗಾಗಿ ವಾಸ್ತುಶಿಲ್ಪದ ಐದು ವರ್ಷದ ಬಿ.ಆರ್ಕ್ ನಿನಗಿಲ್ಲ. ದುಃಖಪಡಬೇಡ. ವಿನ್ಯಾಸದ ಬಿ.ಡೆಸ್ ನಾಲ್ಕು ವರ್ಷ, ದೃಶ್ಯಕಲೆಯ ಬಿ.ವಿ.ಎ. ನಾಲ್ಕು ವರ್ಷ, ಒಳಾಂಗಣ ವಿನ್ಯಾಸದ ಬಿ.ಎಸ್ಸಿ. ಮೂರು ವರ್ಷ. ಬಿ.ಡೆಸ್ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ಯಾವ ವಿಭಾಗದವರೂ ಬರೆಯಬಹುದು. ಪರೀಕ್ಷೆ ಜನವರಿಯಲ್ಲಿ, ಅರ್ಜಿ ಅಕ್ಟೋಬರಿನಲ್ಲೇ ಶುರು, ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಹೆದರದೆ ಈಗಲೇ ಅಭ್ಯಾಸಕ್ಕೆ ಕುಳಿತುಕೋ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ 1961ರಲ್ಲಿ ಶುರುವಾದದ್ದು. ಪೀಠೋಪಕರಣ ಮತ್ತು ಒಳಾಂಗಣಕ್ಕೆಂದೇ ಅಲ್ಲಿ ಒಂದು ವಿಭಾಗವಿದೆ. ಪ್ರವೇಶ ಬಹಳ ಕಠಿಣ, ಅದರ ಪರೀಕ್ಷೆಯನ್ನೂ ಬರೆದು ನೋಡುವುದರಲ್ಲಿ ನಷ್ಟವಿಲ್ಲ. ಅಪ್ಲೈಡ್ ಆರ್ಟಿಗಾದರೆ ದೂರ ಹೋಗಬೇಕಿಲ್ಲ. ಹಾವೇರಿಯಲ್ಲಿ ರೈಲು ಹತ್ತಿದರೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಮೈಸೂರಿನ ದೃಶ್ಯಕಲಾ ಅಕಾಡೆಮಿ ‘ಕಾವಾ’ ಇದೆ. ಅದರ ಮೂಲ, ಮರಗೆಲಸವನ್ನೂ ಚಿತ್ರವನ್ನೂ ಒಂದೇ ಸೂರಿನಡಿ ಕಲಿಸುತ್ತಿದ್ದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಆ ಕೂಡುವಿಕೆ ನನಗೆ ಬಹಳ ಇಷ್ಟ.

ಒಂದು ನೋವಿನ ಸಂಗತಿ ಹೇಳಲೇಬೇಕು. ಹಿರೇಕೆರೂರಿನಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬನಿದ್ದ, ಗೋವಿನಜೋಳ ಬೆಳೆಯುವ ಮನೆತನ. ಬಣ್ಣಬಣ್ಣದ ಪುಸ್ತಿಕೆ ನೋಡಿ, ದೊಡ್ಡ ಊರಿನ ಒಂದು ಸಂಸ್ಥೆಗೆ ಸೇರು ಅಂತ ನಾನೇ ಹೇಳಿದೆ. ಅವರಪ್ಪ ಹೊಲ ಅಡವಿಟ್ಟು ಫೀಸು ಕಟ್ಟಿದರು. ಎರಡು ವರ್ಷದ ಮೇಲೆ ಕೊಟ್ಟ ಕಾಗದಕ್ಕೆ ಯಾವ ವಿಶ್ವವಿದ್ಯಾಲಯದ ಮಾನ್ಯತೆಯೂ ಇರಲಿಲ್ಲ. ಬಡಿಗತನದ ಉಳಿ ಸಹ ಅಲ್ಲಿ ಅವನ ಕೈಗೆ ಬಂದಿರಲಿಲ್ಲ, ಕಂಪ್ಯೂಟರಿನಲ್ಲಿ ಚಿತ್ರ ಮಾಡಿಸಿದ್ದಷ್ಟೇ. ಆ ತಂದೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಇವತ್ತಿಗೂ ಆ ಮನೆಯ ಮುಂದೆ ಹಾಯುವಾಗ ನನ್ನ ಕಾಲು ಭಾರವಾಗುತ್ತದೆ. ನೀನು ಎಲ್ಲೇ ಹೋದರೂ ಪದವಿ ಯಾವ ವಿಶ್ವವಿದ್ಯಾಲಯದ್ದು ಅಂತ ಬರಹದಲ್ಲಿ ಕೇಳು. ವರ್ಕ್‌ಶಾಪಿನ ಬಾಗಿಲು ತೆಗೆಸಿ ನೋಡು; ನೆಲದ ಮೇಲೆ ಮರದ ಹೊಟ್ಟು ಬಿದ್ದಿದೆಯೋ, ಯಂತ್ರಗಳ ಮೇಲೆ ಧೂಳು ಕೂತಿದೆಯೋ. ಕೊನೆಯ ವರ್ಷದ ಮಕ್ಕಳ ಕೆಲಸ ತೋರಿಸಿ ಅನ್ನು.

“ಮನಿ ಸಿಂಗಾರ ಮಾಡಾಕ ನಾಕ ವರ್ಷ ಯಾಕ ಓದಬೇಕು?” ಅಂತ ನಿಮ್ಮಪ್ಪ ಕೇಳಿದ್ದಾನೆಂದು ಬರೆದಿದ್ದೀ. ಅವನ ಮೇಲೆ ಸಿಟ್ಟಾಗಬೇಡ, ಅದು ದುಡ್ಡಿನ ಚಿಂತೆಯ ಮಾತು. ಅವನನ್ನು ಒಂದು ದಿನ ನಮ್ಮ ತಾರಕೇಶ್ವರ ಗುಡಿಗೆ ಕರೆದುಕೊಂಡು ಬಾ. ಮಂಟಪದ ನಡುವೆ ನಿಲ್ಲಿಸಿ ತಲೆ ಎತ್ತಿಸು. ನಡುಛತ್ತಿನ ಭುವನೇಶ್ವರಿಯ ಆ ಕಲ್ಲಿನ ಕಮಲ ಸುತ್ತು ಸುತ್ತಾಗಿ ಮೇಲೆ ಸರಿದು ಮತ್ತೆ ನಮ್ಮ ಕಡೆಗೇ ಜೋತುಬಿದ್ದಿದೆ. ಕೆಳಗೆ ನಿಂತವನಿಗೆ ಏನನ್ನಿಸಬೇಕು ಅಂತ ಚಾಲುಕ್ಯರ ಕಾಲದ ಕಲ್ಲುಕುಟಿಗರು ಲೆಕ್ಕ ಹಾಕಿದ್ದಾರೆ. ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿ ನಿಮಗೆ ಇನ್ನೂ ಹತ್ತಿರ. ಮಧ್ಯಾಹ್ನದ ಬಿಸಿಲಿನಲ್ಲಿ ಒಳಹೊಕ್ಕರೆ ಆ ಕಂಬಗಳ ನಡುವೆ ಬೆಳಕು ಹೇಗೆ ತಣ್ಣಗಾಗುತ್ತದೆ ನೋಡಿ ಬನ್ನಿ. ಗೋಟಗೋಡಿಯ ರಾಕ್ ಗಾರ್ಡನ್ನಿಗೆ ಶಾಲೆಯಿಂದ ಹೋಗಿ ಬಂದಿದ್ದೀ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ನಮ್ಮ ಹಳ್ಳಿಯ ಜೀವನವನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದರು. ಅವರು ಈಗಿಲ್ಲ. ಈ ಸಲ ಹೋದರೆ ಮೂರ್ತಿಗಳ ಜೊತೆಗೆ ಅವುಗಳ ಹಿಂದಿನ ಮನೆಗಳನ್ನೂ ನೋಡು: ಪಡಸಾಲೆ ಎಷ್ಟು ಅಗಲ, ಬಾಗಿಲು ಎಷ್ಟು ತಗ್ಗು.

ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡುತ್ತೇನೆ. ನಿನ್ನದು ಒಳಾಂಗಣದ ಕೈ ಅಂತ ನನಗನ್ನಿಸುತ್ತದೆ. ಹಂಡೆಯ ಮೇಲಿನ ಬೆಳಕು ಕಂಡವಳು ನೀನು. ಆದರೆ ಅಳೆಯುವ ಕೆಲಸ ನಿನಗೆ ಬೇಸರ ತಂದರೆ ನನ್ನ ಮಾತು ಬಿಟ್ಟುಬಿಡು, ದಾವಣಗೆರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇದರ ಜೊತೆ ನನ್ನ ಹಳೆಯ ಟೇಪು ಕಳಿಸಿದ್ದೇನೆ. ಮೊದಲ ಎರಡು ಇಂಚಿನ ಅಂಕಿ ಅಳಿಸಿವೆ, ಮೂರರಿಂದ ಹಿಡಿದು ಲೆಕ್ಕ ಮಾಡಿಕೋ. ಅಜ್ಜಿ ರೊಟ್ಟಿ ಬಡಿಯಲು ಕುಳಿತಾಗ ಅವರನ್ನು ಕೇಳಿ ಅಳತೆ ತಗೋ: ಕೈ ಚಾಚಿದರೆ ಎಷ್ಟು ದೂರ, ಒಲೆ ಎಷ್ಟು ಹತ್ತಿರ, ಏಳುವಾಗ ಯಾವುದನ್ನು ಹಿಡಿದು ಏಳುತ್ತಾರೆ. ನಕ್ಷೆ ಅಡಿಗೆ ಒಂದಿಂಚಿನ ಪ್ರಮಾಣದಲ್ಲಿರಲಿ. ದೀಪಾವಳಿಗೆ ಬಂದಾಗ ತಗೊಂಡು ಬಾ, ಕೂಡಿ ನೋಡೋಣ.

ನಿಮ್ಮವ್ವನಿಗೆ, ನಿಮ್ಮಪ್ಪನಿಗೆ ಆಶೀರ್ವಾದ. ಅಜ್ಜಿಯವರಿಗೆ ನಮಸ್ಕಾರ ತಿಳಿಸು.

ನಿನ್ನ
ಅಜ್ಜ